ಕರಾರಿಗೆ ಸಿಕ್ಕದ ಆನೆ

ಆಟವೆಂದರೆ ಕೆಲಸವಿಲ್ಲದವರ ಕೆಲಸವೆನ್ನುವ ಹಿರಿಯರು ಬಿಕ್ಕೋಡಿನ ಆ ಜಗಲಿಯನ್ನೊಮ್ಮೆ ನೋಡಬೇಕಾಗಿದ್ದಿತು. ಕಾಲೇಜಿಗೆ ಒಪ್ಪಿಸಬೇಕಾದ ಕಂಪ್ಯೂಟರ್ ಆಟವೊಂದನ್ನು ಕೂಡಿ ರಚಿಸಲು ಕುಳಿತ ನಾಲ್ವರು ವಿದ್ಯಾರ್ಥಿಗಳು ಮೊದಲು ಕರಾರುಪತ್ರ ಬರೆಯುತ್ತಿದ್ದರು. ಚಿತ್ರದಲ್ಲಿ ಚಿತ್ರಗಾರ್ತಿಯ ಮಾತೇ ಕೊನೆಯದು; ಕಥೆಯಲ್ಲಿ ಕಥೆಗಾರನದು; ಪ್ರೋಗ್ರಾಂ ಬರೆಯುವ ಇಬ್ಬರು ತಮ್ಮೊಳಗೇ ತೀರ್ಮಾನಿಸಿಕೊಳ್ಳತಕ್ಕದ್ದು; ಹೇಳಿದ ದಿನಕ್ಕೆ ಕೆಲಸವಾಗದಿದ್ದರೆ ಎರಡು ದಿನ ಮುಂಚೆಯೇ ತಿಳಿಸತಕ್ಕದ್ದು.

"ಆಟಕ್ಕೂ ಪತ್ರವೇನ್ರಪ್ಪಾ? ಅಣ್ಣತಮ್ಮಂದಿರು ಪಾಲಾದ ಹಾಗಾಯ್ತಲ್ಲ!" ಎಂದರು, ಕಾಫಿ ತಂದ ಕಥೆಗಾರನ ಅಜ್ಜಿ.

ಹೆಚ್ಚು ಹೊತ್ತು ಹಿಡಿದದ್ದು ಯಾರ ಹೆಸರು ಮೊದಲು ಬರಬೇಕೆಂಬ ಪ್ರಶ್ನೆ. ನಗಬೇಕಾದ್ದಿಲ್ಲ. ಹತ್ತಿರದ ಬೇಲೂರಿನಲ್ಲಿ, ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ, ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಾವು ಕಡೆದ ಮದನಿಕೆಯರ ಕೆಳಗೆ ತಮ್ಮ ಹೆಸರನ್ನು ಕಲ್ಲಿನಲ್ಲೇ ಉಳಿಸಿದ್ದಾರೆ. ಗುಡಿ ಎಲ್ಲರದಾದರೂ ಬೊಂಬೆ ತನ್ನದೆಂಬ ಆಸೆ ಹೊಸದಲ್ಲ. ಕೊನೆಗೆ ಅಕಾರಾದಿಯಾಗಿ ಬರೆಯುವುದೆಂದು ನಿಶ್ಚಯವಾಯಿತು. ಅದನ್ನು ಪರಮನ್ಯಾಯವೆಂದವನು 'ಅ'ಕಾರದ ಹುಡುಗನೊಬ್ಬನೇ.

ಮುಂದಿನ ವಾರ ಚಿತ್ರಗಾರ್ತಿ ಆಟದ ನಾಯಕನನ್ನು ತಂದಳು. ಮೂರು ರಾತ್ರಿ ನಿದ್ದೆಗೆಟ್ಟು ಬರೆದ ಆನೆ: ದುಂಡು ಕಣ್ಣು, ಮೊರದಗಲದ ಕಿವಿ, ಬಾಯಲ್ಲಿ ಮುಗುಳುನಗೆ. ಇಬ್ಬರು ಹೊಗಳಿದರು. ಕಥೆಗಾರ ಹಾಳೆಯನ್ನು ಕೈಗೆತ್ತಿಕೊಳ್ಳಲಿಲ್ಲ.

"ಇದು ಆನೆಯಲ್ಲ. ನಮ್ಮ ತೋಟಕ್ಕೆ ಬಂದದ್ದನ್ನು ನೋಡಿದ್ದರೆ ನೀನು ಈ ನಗು ಬರೆಯುತ್ತಿರಲಿಲ್ಲ."

ಬೇಲೂರು, ಸಕಲೇಶಪುರ, ಆಲೂರುಗಳ ಕಾಫಿ ತೋಟಗಳಲ್ಲಿ ಕಾಡಾನೆಯೆಂಬುದು ಕಥೆಯ ಮಾತಲ್ಲ. ಗಿಡಗಳು ಹೋಗಿವೆ, ಜೀವಗಳೂ ಹೋಗಿವೆ. ಆನೆ ಯಾವ ಕಡೆ ಇದೆಯೆಂದು ಮೊಬೈಲಿನಲ್ಲಿ ತಿಳಿದುಕೊಂಡು ಆಳುಗಳು ಕೆಲಸಕ್ಕೆ ಹೊರಡುವುದುಂಟು. ಕಥೆಗಾರನ ತಂದೆ ರಾತ್ರಿ ನಾಯಿ ಬೊಗಳಿದರೆ ಎದ್ದು ಕೂರುತ್ತಿದ್ದರು.

"ಚಿತ್ರದಲ್ಲಿ ನನ್ನ ಮಾತೇ ಕೊನೆಯದು" ಎಂದಳು ಆಕೆ. "ಸ್ವಭಾವ ಕಥೆಗೆ ಸೇರಿದ್ದು" ಎಂದನು ಆತ. ಕರಾರಿನಲ್ಲಿ ಇದಕ್ಕೆ ಕಲಮು ಇರಲಿಲ್ಲ. ಆಕೆ ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಬಸ್ಸಿನ ಹೊತ್ತನ್ನು ಕೇಳಿದಳು.

ಬಸ್ಸಿಗೆ ಇನ್ನೂ ಒಂದು ಗಂಟೆಯಿದ್ದಿತು. ಮೌನವನ್ನು ಸಹಿಸಲಾರದ ಅಜ್ಜಿ ಸೀಮೆಸುಣ್ಣದಿಂದ ನೆಲದ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನೆಳೆದು, ಆಡಲು ಬನ್ನಿರೆಂದರು. 3 ಕಲ್ಲು ಹುಲಿ, 15 ಹುಣಿಸೆಬೀಜ ಕುರಿ. ಕಣ್ಣಿಲ್ಲ, ಮೀಸೆಯಿಲ್ಲ. ಆದರೂ ಯಾವುದು ಹುಲಿಯೆಂದು ಯಾರಿಗೂ ಸಂದೇಹವಿಲ್ಲ. ಅದು ಕುರಿಯ ಮೇಲೆ ಹಾರಿ ಕೊಲ್ಲಬಲ್ಲುದು. ಕುರಿ ಹಾರಲಾರದು, ಗುಂಪುಗೂಡಿ ದಾರಿ ಕಟ್ಟಬಲ್ಲುದು. ಎರಡನೆಯ ಆಟದ ನಡುವೆ ಕಥೆಗಾರನ ಕೈ ನಿಂತಿತು.

"ಆನೆಗೂ ಮೊದಲು ನಡೆ ಗೊತ್ತುಮಾಡೋಣ. ಮುಖ ಆಮೇಲಿರಲಿ."

ಬಸ್ಸು ಹೊರಟುಹೋಯಿತು. ದೊಡ್ಡ ಕಲ್ಲೊಂದು ಆನೆಯಾಯಿತು, ಕಾಫಿಬೀಜಗಳು ಆಳುಗಳಾದವು. ಆನೆ ಹಲಸಿನ ಮರದ ಕಡೆಗೆ ನಡೆಯುತ್ತದೆ; ಆಳಿಗೆ ಗಿಡಗಳ ನಡುವೆ ಒಂದು ಮನೆಯಾಚೆ ಕಾಣದು. ಆಳುಗಳ ಪಕ್ಷ ವಹಿಸಿದ ಚಿತ್ರಗಾರ್ತಿ ಮೂರು ಸಲ ಆನೆಯೆದುರಿಗೇ ಹೋಗಿ ನಿಂತಳು. ಮೂರನೆಯ ಸಲ ಆಕೆಗೆ ನಗು ಬರಲಿಲ್ಲ.

ಬೆಳಗ್ಗೆ ಆಕೆ ತೋರಿಸಿದ ಹಾಳೆಯಲ್ಲಿ ಆನೆಯ ಮುಖವೇ ಇರಲಿಲ್ಲ: ಅಲುಗುವ ಕಾಫಿಗಿಡಗಳು, ಅವುಗಳ ಮೇಲೆ ಬೆರಳಗಲದ ಬೂದುಬಣ್ಣದ ಬೆನ್ನು. ಕಥೆಗಾರ ಬಹಳ ಹೊತ್ತು ನೋಡಿದನು.

"ಪಕ್ಕದಲ್ಲಿ ಒಂದು ಮರಿ ಇರಲಿ" ಎಂದನು. "ನಮ್ಮ ತೋಟಕ್ಕೆ ಬಂದದ್ದರ ಜೊತೆಯಲ್ಲಿಯೂ ಇತ್ತು."