ಮೊಟಕು ಮಾತು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬ ಗಣಕಯಂತ್ರದ ವಿಚಾರ ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಯಂತ್ರಕ್ಕೂ ಒಂದು ಭಾಷೆಯುಂಟು. ಭಾಷೆಯ ಮಾತು ಬಂದಾಗ ನಮಗೂ ಸ್ವಲ್ಪ ಹಕ್ಕುಂಟಷ್ಟೆ.

ಮನುಷ್ಯರು ಬರೆದ ಪ್ರೋಗ್ರಾಂ, ಕಂಪೈಲರ್ ಎಂಬ ದುಭಾಷಿಯ ಕೈಯಲ್ಲಿ ಸೊನ್ನೆ-ಒಂದುಗಳ ಅಪ್ಪಣೆಗಳಾಗುತ್ತದೆ. ಅಂಥ ಒಂದು ಗುರುತೇ ಬಿಟ್. 2010ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿ, ಈಗ ಐ.ಐ.ಟಿ. ಮದ್ರಾಸಿನ 'ಶಕ್ತಿ' ಪ್ರೊಸೆಸರುಗಳೂ ಅನುಸರಿಸುವ ರಿಸ್ಕ್-ಫೈವ್ ಪದ್ಧತಿಯಲ್ಲಿ, ಪೂರ್ಣರೂಪದ ಒಂದು ಅಪ್ಪಣೆಗೆ 32 ಬಿಟ್. ಎರಡು ಸಂಖ್ಯೆಗಳನ್ನು ಕೂಡಿಸಬೇಕಾದರೆ ಯಾವ ಎರಡು ಗೂಡುಗಳಿಂದ ತೆಗೆಯಬೇಕು, ಮೊತ್ತವನ್ನು ಯಾವ ಗೂಡಿನಲ್ಲಿಡಬೇಕು ಎಂದು ಹೇಳಬೇಕು. ಗೂಡುಗಳು 32, ಒಂದೊಂದರ ಹೆಸರಿಗೆ 5 ಬಿಟ್. ಮೂರು ಹೆಸರಿಗೇ 15 ಬಿಟ್ ಖರ್ಚು!

ಪದೇ ಪದೇ ಬರುವ ಅಪ್ಪಣೆಗಳಿಗೆ ಇಷ್ಟು ವಿಸ್ತಾರ ಬೇಡ. ಮೊತ್ತ ಎಷ್ಟೋ ಸಲ ಮೊದಲಿನ ಗೂಡಿಗೇ ಹಿಂದಿರುಗುತ್ತದೆ. ಅದರ ಹೆಸರನ್ನು ಎರಡು ಸಲ ಕೂಗುವುದೇಕೆ? ಹೆಚ್ಚು ಬಳಕೆಯ 8 ಗೂಡುಗಳನ್ನಷ್ಟೇ ಕರೆಯುವ ಅಪ್ಪಣೆಯಾದರೆ ಹೆಸರಿಗೆ 3 ಬಿಟ್ ಸಾಕು. ಹೀಗೆ ಉಳಿಸಿ ಉಳಿಸಿ 16 ಬಿಟ್ಟಿನ ಮೊಟಕು ಅಪ್ಪಣೆಗಳನ್ನು ಮಾಡಿದ್ದಾರೆ. ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಅಪ್ಪಣೆಗಳು ಹೀಗೆ ಮೊಟಕಾಗಿ, ಪ್ರೋಗ್ರಾಮಿನ ಗಾತ್ರ ನೂರಕ್ಕೆ 25ರಿಂದ 30ರಷ್ಟು ತಗ್ಗುತ್ತದೆ. ಕಡಿಮೆ ಬೆಲೆಯ ಸಣ್ಣ ಯಂತ್ರಕ್ಕೆ ಇದು ದೊಡ್ಡ ಉಳಿತಾಯ. ಅಪರೂಪದ ಕೆಲಸವೋ ದೊಡ್ಡ ಸಂಖ್ಯೆಯೋ ಬಂದರೆ ಪೂರ್ಣರೂಪ ಇದ್ದೇ ಇದೆ. ಎರಡೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಮೊಟಕು ಅಪ್ಪಣೆಯನ್ನು ಯಂತ್ರ ತನ್ನೊಳಗೇ ಪೂರ್ಣರೂಪಕ್ಕೆ ಬಿಡಿಸಿಕೊಳ್ಳುತ್ತದೆ. ಅರ್ಥದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ.

ಇದನ್ನು ತಿಳಿದಾಗ ನನಗೆ ನಮ್ಮ ಮನೆಯ ಮಾತು ನೆನಪಾಯಿತು. ಗುಂಡ್ಲುಪೇಟೆ ಸೀಮೆಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅರಿಸಿನದ ಹೊಲದಲ್ಲಿ ಅಪ್ಪ "ಅದ ತಕ್ಕಬಾ" ಎಂದರೆ ಸಾಕು, ಅವ್ವ ಗುದ್ದಲಿ ತಂದು ಕೊಡುತ್ತಾಳೆ. ಯಾವುದು, ಎಲ್ಲಿಂದ ಎಂಬ ಪ್ರಶ್ನೆಯೇ ಇಲ್ಲ. ಆ ಎರಡು ಮಾತನ್ನು ಬಿಡಿಸಿಕೊಳ್ಳುವ ಶಕ್ತಿ ಅವಳಲ್ಲಿದೆ.

ಚಾಮರಾಜನಗರಕ್ಕೆ ಓದಲು ಬಂದ ಮೇಲೆ ಕರ್ತೃ, ಕರ್ಮ, ಕ್ರಿಯಾಪದಗಳುಳ್ಳ ಪೂರ್ಣ ವಾಕ್ಯಗಳು ನನಗೆ ಅಭ್ಯಾಸವಾದವು. ನಮ್ಮ "ಬತ್ತೀನಿ ಕನಾ" ಕೇಳಿ ದೊಡ್ಡ ಪಟ್ಟಣಗಳಲ್ಲಿ ನಗುವವರುಂಟು. ಆ ನಗುವಿಗೆ ಹೆದರಿ ಮನೆಮಾತನ್ನೇ ಮುಚ್ಚಿಡುವ ಗೆಳೆಯರೂ ಉಂಟು. ಮೊಟಕಾದದ್ದು ಬಡವಾದದ್ದೆಂದು ಅವರ ಎಣಿಕೆ. ಯಂತ್ರ ಕಟ್ಟಿದವರ ಎಣಿಕೆ ಬೇರೆ: ಹೆಚ್ಚು ದುಡಿಯುವ ಮಾತೇ ಚಿಕ್ಕದಾಗಬೇಕು.

ಅರ್ಜಿಗೆ, ಪರೀಕ್ಷೆಗೆ, ಅಪರಿಚಿತರಿಗೆ ಪೂರ್ಣರೂಪವೇ ಬೇಕು. ಅದನ್ನು ಕಲಿಸಿದ ಗುರುಗಳಿಗೆ ನಾನು ಋಣಿ. ಆದರೆ ಪದವಿ ಬಂತೆಂದು ಅವ್ವನ ಮುಂದೆಯೂ 32 ಬಿಟ್ಟುಗಳಲ್ಲಿ ಮಾತನಾಡಿದರೆ, ಅವಳು ನನ್ನನ್ನು ನೆಂಟನೆಂದು ತಿಳಿದು ಚಾಪೆ ಹಾಸಿಯಾಳು!