ಮೂರನೇ ಸಿಲಿಂಡರು

ಶಿರಾ ಗೇಟಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೀರಿ. ಮುಂದಿನ ಬಸ್ಸು ಜರುಗುತ್ತದೆ. ಫಸ್ಟ್ ಗೇರು ಹಾಕಿ ಕ್ಲಚ್ ಬಿಡುತ್ತೀರಿ. ಕಾರು ಮುಂದಕ್ಕೆ ಹೋಗುವ ಬದಲು ಮೈ ಕೊಡವಿ ಮುಗ್ಗರಿಸುತ್ತದೆ. ಆಕ್ಸಿಲರೇಟರ್ ಒತ್ತಿದರೆ ಬರೀ ಬುಡುಬುಡು ಸದ್ದು, ಎಳೆತವೇ ಇಲ್ಲ. ಸ್ಟೇರಿಂಗು ಅಂಗೈಯಲ್ಲಿ ನಡುಗುತ್ತದೆ, ಸೀಟಿನಿಂದ ಆ ನಡುಕ ಸೊಂಟಕ್ಕೆ ಏರುತ್ತದೆ. ಹಿಂದಿನ ಲಾರಿಯವನು ಏರ್ ಹಾರ್ನ್ ಒತ್ತಿದಾಗ ಎದೆ ಧಸಕ್ಕೆನ್ನುತ್ತದೆ. ಮೀಟರಿನಲ್ಲಿ ಹಳದಿ ಇಂಜಿನ್ ದೀಪ ಮಿನುಗುತ್ತಿದೆ. ಅದು ಸುಮ್ಮನೆ ಉರಿಯುತ್ತಿದ್ದರೆ ಮನೆ ಸೇರಿ ನೋಡಿಕೊಳ್ಳಬಹುದಿತ್ತು. ಮಿನುಗುತ್ತಿದೆ ಎಂದರೆ ಯಾವುದೋ ಸಿಲಿಂಡರಿನ ಪೆಟ್ರೋಲು ಉರಿಯದೆ ಹಾಗೇ ಸೈಲೆನ್ಸರಿನತ್ತ ಹೋಗುತ್ತಿದೆ, ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಅದನ್ನು ಉರಿಸಲು ಹೋಗಿ ತಾನೇ ಸುಟ್ಟುಹೋಗಬಹುದು. ಪುಣ್ಯಕ್ಕೆ ಮನೆ ಹತ್ತಿರವೇ ಇದೆ. ಕಾಲು ಹಗುರ ಮಾಡಿ ಅಡ್ಡರಸ್ತೆಗೆ ತಿರುಗಿಸುತ್ತೀರಿ.

ಬಾನೆಟ್ ಎತ್ತಿದರೆ ಬಿಸಿ ಹಬೆ ಮುಖಕ್ಕೆ ಬಡಿಯುತ್ತದೆ. ಗಾಡಿಯ ಹಿಂದೆ ಹಸಿ ಪೆಟ್ರೋಲಿನ ಘಾಟು, ಗಂಟಲು ಕೆರೆಯುವಷ್ಟು. ಅಮ್ಮ ಬಾಗಿಲಿಗೆ ಬಂದು ನಿಂತಿದ್ದಾರೆ.

"ಏನಾಯ್ತಪ್ಪಾ? ನಾಳೆ ಎಡೆಯೂರಿಗೆ ಹೋಗಕ್ಕಾಗುತ್ತಾ?"

ಸಿದ್ಧಲಿಂಗೇಶ್ವರನಿಗೆ ಹೊತ್ತ ಹರಕೆ. ಬೆಳಗ್ಗೆಯೇ ಹೊರಟು ಕುಣಿಗಲ್ ದಾಟಬೇಕು. "ಆಗುತ್ತಮ್ಮಾ" ಅನ್ನುತ್ತೀರಿ. ಅಂದ ಮೇಲೆ ಆ ಮಾತಿನ ಭಾರ ಹೆಗಲ ಮೇಲೆ ಕೂರುತ್ತದೆ.

ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಬೆರಳುದ್ದದ ಸ್ಕ್ಯಾನರ್ ಚುಚ್ಚಿದರೆ ಮೊಬೈಲಿನಲ್ಲಿ ಅಕ್ಷರ ಮೂಡುತ್ತದೆ: ಪಿ0303. ಮೂರನೇ ಸಿಲಿಂಡರು ಮಿಸ್ ಹೊಡೆಯುತ್ತಿದೆ. ಯಾಕೆಂದು ಮಾತ್ರ ಅದು ಹೇಳುವುದಿಲ್ಲ. ಕಾಯಿಲ್ ಇರಬಹುದು, ಪ್ಲಗ್ ಇರಬಹುದು, ಇಂಜೆಕ್ಟರ್ ಕಟ್ಟಿಕೊಂಡಿರಬಹುದು. ಎಷ್ಟೋ ಜನರ ದುಡ್ಡು ಹಾಳಾಗುವುದು ಇಲ್ಲಿಯೇ. ಕೋಡ್ ನೋಡಿದ ಕೂಡಲೇ ಅಂಗಡಿಗೆ ಓಡಬೇಡಿ.

ಒಂದು ಕಾಲಕ್ಕೆ ಅಂಬಾಸಿಡರ್ ಓಡಿಸಿದ ಪಕ್ಕದ ಮನೆಯ ಯಜಮಾನರು ಬಂದು ಇಣುಕುತ್ತಾರೆ. "ಮಿಸ್ಸಿಂಗು ಕಣಪ್ಪ. ಪ್ಲಗ್ಗಿನ ವೈರು ಎಳೆದು ಗಾಡಿ ಬಾಡಿಗೆ ಹಿಡಿ, ಕಿಡಿ ಹಾರುತ್ತಾ ನೋಡೋಣ." ಅವರ ಗಾಡಿಗೆ ಇದ್ದದ್ದು ಒಂದೇ ಕಾಯಿಲ್; ಡಿಸ್ಟ್ರಿಬ್ಯೂಟರು ಅದರ ಕರೆಂಟನ್ನು ನಾಲ್ಕು ಪ್ಲಗ್ಗಿಗೂ ಹಂಚುತ್ತಿತ್ತು. ಈ ಗಾಡಿಯಲ್ಲಿ ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕೂತಿದೆ. ಬ್ಯಾಟರಿಯ 12 ವೋಲ್ಟನ್ನು ಅದು 20,000 ದಾಟಿಸುತ್ತದೆ. ಹಾಗೆ ಕಿಡಿ ಹಾರಿಸಲು ಹೋದರೆ ನಿಮಗೂ ಶಾಕು, ಇಂಜಿನ್ನಿನ ಕಂಪ್ಯೂಟರಾದ ಇಸಿಯುಗೂ ಪೆಟ್ಟು. "ಬೇಡ ಯಜಮಾನ್ರೇ, ಬೇರೆ ದಾರಿ ಐತೆ" ಅನ್ನುತ್ತೀರಿ. ಅವರು ಬೇಸರಿಸಿಕೊಳ್ಳದೆ ಟಾರ್ಚ್ ಹಿಡಿದು ನಿಲ್ಲುತ್ತಾರೆ.

ಇಂಜಿನ್ ಆರಲು ಬಿಡುತ್ತೀರಿ. ಕಾಯುವುದೇ ಕಷ್ಟ. ಕೀ ಜೇಬಿಗೆ, ಬ್ಯಾಟರಿಯ ಮೈನಸ್ ಬಿಚ್ಚಿ ಪಕ್ಕಕ್ಕೆ. ಬೆಲ್ಟ್ ಇರುವ ಕಡೆಯಿಂದ ಎಣಿಸಿದರೆ ಒಂದು, ಎರಡು, ಮೂರು. ಕಾಯಿಲಿನ ಕಪ್ಲರಿಗೆ ಪ್ಲಾಸ್ಟಿಕ್ಕಿನ ಪುಟ್ಟ ಲಾಕ್. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಹಪ್ಪಳದಂತಾಗಿದೆ. ಉಗುರಿನಿಂದ ಒತ್ತುತ್ತೀರಿ, ಬಗ್ಗುವುದಿಲ್ಲ. ಇನ್ನೂ ಒತ್ತಿದರೆ ಮುರಿಯುತ್ತದೆ; ಮುರಿದರೆ ಕಪ್ಲರ್ ನಿಲ್ಲದು, ನಾಳೆ ಹಳ್ಳದಲ್ಲಿ ಗಾಡಿ ಕುಣಿದಾಗ ಕಳಚಿ ಬೀಳುತ್ತದೆ. ಕಪ್ಲರನ್ನು ಮೊದಲು ಒಳಕ್ಕೆ ತಳ್ಳಿ, ಆಮೇಲೆ ಲಾಕ್ ಒತ್ತಿ. ಟಕ್. ಬಂತು.

ಹತ್ತರ ಬೋಲ್ಟು ಬಿಚ್ಚಿ ಕಾಯಿಲನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತೀರಿ, ಮೇಲಕ್ಕೆ ಎಳೆಯುವುದು ಆಮೇಲೆ. ರಬ್ಬರ್ ಪ್ಲಗ್ಗಿಗೆ ಅಂಟಿಕೊಂಡಿದೆ. ಪಚಕ್ಕೆಂದು ಬಿಟ್ಟಾಗ ಸುಟ್ಟ ರಬ್ಬರಿನ ವಾಸನೆ ಏಳುತ್ತದೆ. ಅದನ್ನು ಒಂದನೇ ಸಿಲಿಂಡರಿಗೆ, ಒಂದನೆಯದನ್ನು ಮೂರಕ್ಕೆ ಅದಲುಬದಲು ಮಾಡುತ್ತೀರಿ. ಬ್ಯಾಟರಿ ಜೋಡಿಸಿ ಸ್ಟಾರ್ಟ್. ಅದೇ ನಡುಕ. ಮೊಬೈಲಿನತ್ತ ಕಣ್ಣು ನೆಟ್ಟಿದ್ದೀರಿ, ಉಸಿರು ಬಿಗಿಹಿಡಿದು. ಪಿ0301.

ಕಾಯಿಲ್ ಹೋದ ಕಡೆಗೇ ರೋಗವೂ ಹೋಯಿತು. ಕೂಡಲೇ ಇಂಜಿನ್ ಆಫ್.

ಶಿರಾ ರಸ್ತೆಯ ಸ್ಪೇರ್ಸ್ ಅಂಗಡಿಯಲ್ಲಿ ಹಳೆಯದರ ಮೇಲಿನ ನಂಬರು ಹೋಲಿಸಿ ಹೊಸದು ತೆಗೆಯುತ್ತೀರಿ. "ನಾಲ್ಕೂ ಹಾಕ್ಬಿಡಿ ಸಾರ್, ಒಂದು ಹೋದ್ರೆ ಉಳಿದವೂ ಹಿಂದೆನೇ ಹೋಗ್ತವೆ." ಅಂಗಡಿಯವರ ಮಾತಲ್ಲೂ ಸತ್ಯವಿದೆ, ನಾಲ್ಕೂ ಒಂದೇ ವಯಸ್ಸಿನವು. ಆದರೆ ನೀವು ಕಾಯಿಲ್ ಒಂದೇ ಕೊಂಡು ಪ್ಲಗ್ ಮಾತ್ರ ನಾಲ್ಕು ಕೊಳ್ಳುತ್ತೀರಿ. ಪ್ಲಗ್ಗಿನ ತುದಿ ಸವೆದು ಗ್ಯಾಪ್ ಹೆಚ್ಚಿದರೆ ಕಿಡಿ ಹಾರಲು ಇನ್ನಷ್ಟು ವೋಲ್ಟೇಜ್ ಬೇಕು. ಕಾಯಿಲ್ ದಿನಾ ತಿಣುಕಿ, ಕಾದು, ಕೊನೆಗೆ ಒಳಗೇ ಶಾರ್ಟ್ ಆಗುತ್ತದೆ. ಹಳೇ ಪ್ಲಗ್ ಉಳಿಸಿಕೊಂಡು ಹೊಸ ಕಾಯಿಲ್ ಹಾಕುವುದೆಂದರೆ ಅದನ್ನೂ ಕೊಲ್ಲಲು ತಂದಂತೆ.

ಕತ್ತಲಾಗಿದೆ. ಹೆದ್ದಾರಿಯ ಕಡೆಯಿಂದ ಲಾರಿಗಳ ಮೊರೆತ. ಮತ್ತೆ ಮೈನಸ್ ಬಿಚ್ಚಿ ಕಾಯಿಲ್‌ಗಳನ್ನು ಎತ್ತುತ್ತೀರಿ. ಪ್ಲಗ್ಗಿನ ಗುಂಡಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯುತ್ತೀರಿ. ಅಲ್ಲಿರುವ ಒಂದು ಕಾಳು ಮರಳು ಸಿಲಿಂಡರಿಗೆ ಬಿದ್ದರೂ ಗೀರು ಬೀಳಬಹುದು. ಸಾಕೆಟ್ ಇಳಿಸಿ ತಿರುಗಿಸುತ್ತೀರಿ. ಒಂದನೆಯದು ಬಂತು. ಎರಡನೆಯದು ಬಂತು. ಮೂರನೆಯದು ಕಾಲು ಸುತ್ತಿಗೇ ಕಿರ್ರ್ ಎನ್ನುತ್ತದೆ.

ಕೈ ನಿಲ್ಲುತ್ತದೆ. ಹೆಡ್ಡು ಅಲ್ಯುಮಿನಿಯಂ, ಪ್ಲಗ್ಗು ಉಕ್ಕು. ಜೋರು ಮಾಡಿದರೆ ಥ್ರೆಡ್ಡು ಕಿತ್ತು ಬರುತ್ತದೆ, ಎಡೆಯೂರು ಹಾಗಿರಲಿ, ಹೆಡ್ಡೇ ಇಳಿಸಬೇಕಾಗಬಹುದು. ಬೆವರು ಕಣ್ಣಿಗಿಳಿಯುತ್ತದೆ. "ಬಿಗಿ ಮಾಡಪ್ಪ, ವಾಪಸ್ ಬಿಗಿ ಮಾಡು" ಎನ್ನುತ್ತಾರೆ ಯಜಮಾನರು. ಹೌದು. ಬಿಗಿ ಮಾಡಿ. ಒಂದು ಹನಿ ಎಣ್ಣೆ. ತಡೆಯಿರಿ. ಮತ್ತೆ ಬಿಚ್ಚಿ, ಮತ್ತೆ ಬಿಗಿ, ಮತ್ತೆ ಬಿಚ್ಚಿ. ಮಣಿಕಟ್ಟು ನೋಯುತ್ತಿದೆ. ಕಿರ್ರ್. ಕಿರ್. ಆಮೇಲೆ ಸದ್ದಿಲ್ಲ, ಹಗುರ. ಹೊರಬಂದ ಪ್ಲಗ್ಗಿನ ತುದಿ ಮಸಿಗಟ್ಟಿದೆ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ಲಿನಿಂದ ಎಳೆದಂಥ ಕಪ್ಪು ಗೆರೆ. ಕರೆಂಟು ತುದಿಗೆ ಹೋಗದೆ ಬದಿಯಿಂದ ಜಾರಿದ ಜಾಡು ಅದು. ಟಾರ್ಚಿನ ಬೆಳಕು ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತದೆ.

ನಾಲ್ಕನೆಯದೂ ಬಂದ ಮೇಲೆ ಹೊಸ ಪ್ಲಗ್‌ಗಳನ್ನು ಮೊದಲು ಬರೀ ಬೆರಳಲ್ಲಿ ತಿರುಗಿಸುತ್ತೀರಿ, ಸ್ಪಾನರ್ ಕೊನೆಗೆ. ಹಳೇ ಕಾಯಿಲ್ ಮೂರೂ ತಿರುಗಿ ಕೂರುತ್ತವೆ, ಕೆಟ್ಟದ್ದರ ಜಾಗಕ್ಕೆ ಹೊಸದು. ಕಪ್ಲರ್ ಟಕ್, ಟಕ್, ಟಕ್, ಟಕ್. ಬ್ಯಾಟರಿಗೆ ಮೈನಸ್ ಬಿಗಿಯುತ್ತೀರಿ. ಕೀ ತಿರುಗಿಸುವ ಮುನ್ನ ಅಮ್ಮನ ಮುಖ ನೋಡುತ್ತೀರಿ. ಅವರು ಕೈ ಮುಗಿದು ನಿಂತಿದ್ದಾರೆ.

ಇಂಜಿನ್ ಸ್ಟಾರ್ಟ್ ಆಗುತ್ತದೆ. ಐಡ್ಲಿಂಗಿನಲ್ಲೇ ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ ಆರು ಕಿಡಿ ಬೀಳಬೇಕು. ನಾಲ್ಕೂ ಒಂದೇ ಲಯದಲ್ಲಿ ಬೀಳುತ್ತಿವೆ. ಸ್ಟೇರಿಂಗು ನಡುಗುತ್ತಿಲ್ಲ. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮಾನಿಕೆರೆವರೆಗೆ ಹೋಗಿ, ಮೂರನೇ ಗೇರಿನಲ್ಲಿ ಬೇಕೆಂದೇ ಕಾಲು ಒತ್ತುತ್ತೀರಿ. ದೀಪ ಮಿನುಗುವುದಿಲ್ಲ, ಗಾಡಿ ಎಳೆಯುತ್ತದೆ.

"ಬೆಳಗ್ಗೆ ಎಷ್ಟು ಗಂಟೆಗೆ ಹೊರಡ್ತೀರಾ?" ಎಂದು ಯಜಮಾನರು ಕೇಳುತ್ತಾರೆ.

"ಐದಕ್ಕೆ. ನೀವೂ ಬನ್ನಿ."