ಬೆಣ್ಣೆ ಹಣ್ಣಿನ ಗೊಜ್ಜು ಕಪ್ಪಾಗುವುದೇಕೆ?

ಮಕ್ಕಳೇ, ಬೆಣ್ಣೆ ಹಣ್ಣನ್ನು ನೀವು ಹೇಗೆ ತಿನ್ನುತ್ತೀರಿ? ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಶಾಲೆಗಳಿಗೆ ಹೋದಾಗ ನಾನು ಈ ಪ್ರಶ್ನೆ ಕೇಳುವುದುಂಟು. "ಸಕ್ಕರೆ ಹಾಕಿ", "ಹಾಲು ಹಾಕಿ ಜ್ಯೂಸ್ ಮಾಡಿ" ಎಂಬ ಉತ್ತರಗಳೇ ಹೆಚ್ಚು. "ನಾವು ತಿನ್ನೋದೇ ಇಲ್ಲ ಸಾರ್, ಸಪ್ಪೆ" ಎನ್ನುವವರೂ ಇದ್ದಾರೆ. ಉಪ್ಪು, ಹಸಿಮೆಣಸು, ಲಿಂಬೆರಸ ಹಾಕಿ ಕಲಸಿದರೆ ಬಹಳ ಚೆನ್ನಾಗಿರುತ್ತದೆ ಎಂದರೆ ಇಡೀ ತರಗತಿ ನಗುತ್ತದೆ. ನಗುವುದೇಕೆ? ಪೇರಲಕಾಯಿಗೆ, ಮಾವಿನಕಾಯಿಗೆ ಉಪ್ಪು-ಖಾರ ಹಚ್ಚಿಕೊಂಡು ತಿನ್ನುವವರು ನೀವೇ ಅಲ್ಲವೇ?

ಬೆಣ್ಣೆ ಹಣ್ಣಿನ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿನ ಜನ ನೂರಾರು ವರ್ಷಗಳಿಂದ ಈ ಹಣ್ಣನ್ನು ಖಾರದ ಗೊಜ್ಜು ಮಾಡಿಕೊಂಡೇ ತಿನ್ನುತ್ತಾ ಬಂದಿದ್ದಾರೆ. ಅದರ ಹೆಸರು ಗ್ವಾಕಮೋಲೆ. ಅಲ್ಲಿನ ಹಳೆಯ ನಹುವಾಟ್ಲ್ ಭಾಷೆಯಲ್ಲಿ 'ಆವಾಕಾತ್ಲ್' ಎಂದರೆ ಬೆಣ್ಣೆ ಹಣ್ಣು, 'ಮೊಲ್ಲಿ' ಎಂದರೆ ಗೊಜ್ಜು. ಎರಡೂ ಸೇರಿ ಸ್ಪೇನಿನವರ ಬಾಯಲ್ಲಿ ಗ್ವಾಕಮೋಲೆ ಆಯಿತು. ಅದನ್ನು ಅರೆಯಲು ಅವರು ಬಳಸುವುದು ಜ್ವಾಲಾಮುಖಿಯ ಕಲ್ಲಿನಿಂದ ಕಡೆದ ಒರಳು. ನಮ್ಮ ಅಜ್ಜಿಯಂದಿರು ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು, ಹಿಚುಕಿ, ಮೆಣಸು, ಉಪ್ಪು ಸೇರಿಸಿ ಗೊಜ್ಜು ಮಾಡುವುದಿಲ್ಲವೇ? ಹೆಚ್ಚುಕಡಿಮೆ ಅದೇ ರೀತಿ. ಆ ಗೊಜ್ಜಿನ ಮೆಣಸಿನಕಾಯಿ ಕೂಡ ಅಮೆರಿಕ ಖಂಡದಿಂದಲೇ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದದ್ದು. ಬೆಣ್ಣೆ ಹಣ್ಣು ಬಹಳ ತಡವಾಗಿ ಬಂತು. ಈಗ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಅದರ ಮರಗಳಿವೆ. ಆದರೆ ಅದರ ನೆಂಟರು ನಮ್ಮ ಮಲೆನಾಡಿನಲ್ಲಿ ಮೊದಲಿನಿಂದಲೂ ಇದ್ದಾರೆ. ದಾಲ್ಚಿನ್ನಿ ಮತ್ತು ಊದುಬತ್ತಿಯ ಅಂಟಿಗೆ ತೊಗಟೆ ಕೊಡುವ ಗುಳಮಾವು ಎರಡೂ ಬೆಣ್ಣೆ ಹಣ್ಣಿನ ಕುಟುಂಬಕ್ಕೇ, ಅಂದರೆ ಲಾರೇಸಿ ಕುಟುಂಬಕ್ಕೇ ಸೇರಿದವು.

ಗೊಜ್ಜು ಮಾಡಲು ಮೊದಲು ಹಣ್ಣು ಸರಿಯಾಗಿ ಹಣ್ಣಾಗಿರಬೇಕು. ಇದೊಂದು ವಿಚಿತ್ರ ಹಣ್ಣು. ಮರದಲ್ಲಿ ಇರುವಷ್ಟು ದಿನ ಬಲಿಯುತ್ತದೆ, ಆದರೆ ಮೆತ್ತಗಾಗುವುದಿಲ್ಲ. ಕೊಯ್ದು ಇಟ್ಟ ಮೇಲೆಯೇ ಹಣ್ಣಾಗುವುದು. ಬೇಗ ಹಣ್ಣಾಗಬೇಕಾದರೆ ಒಂದು ಬಾಳೆಹಣ್ಣಿನ ಜೊತೆ ಅಕ್ಕಿ ಡಬ್ಬಿಯಲ್ಲಿ ಹುಗಿದಿಡಿ. ಬಾಳೆಹಣ್ಣಿನಿಂದ ಹೊರಬರುವ ಎಥಿಲೀನ್ ಎಂಬ ಅನಿಲ ಡಬ್ಬಿಯೊಳಗೇ ಉಳಿದು, ಪಕ್ಕದ ಕಾಯಿಯನ್ನೂ ಹಣ್ಣು ಮಾಡುತ್ತದೆ. ತೊಟ್ಟಿನ ಹತ್ತಿರ ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಸ್ವಲ್ಪ ತಗ್ಗಿದರೆ ಸಿದ್ಧವಾಯಿತೆಂದು ತಿಳಿಯಿರಿ.

ಕೈ ತೊಳೆದುಕೊಳ್ಳಿ, ಹಣ್ಣನ್ನೂ ತೊಳೆಯಿರಿ. ಮನೆಯ ದೊಡ್ಡವರಿಂದ ಉದ್ದಕ್ಕೆ ಹೋಳು ಮಾಡಿಸಿ. ಬೀಜವನ್ನು ಚಮಚದಿಂದ ಎಬ್ಬಿಸಿ, ಚಾಕುವಿನಿಂದ ಬೇಡ, ಅದು ಜಾರಿ ಅಂಗೈಗೆ ತಗಲುತ್ತದೆ. ತಿರುಳನ್ನು ಬಟ್ಟಲಿಗೆ ಹಾಕಿ ಹಿಚುಕಿ. ಒಂದು ದೊಡ್ಡ ಹಣ್ಣಿಗೆ ಅರ್ಧ ಸಣ್ಣ ಈರುಳ್ಳಿ, ಒಂದು ಹಸಿಮೆಣಸು, ಒಂದಿಷ್ಟು ಕೊತ್ತಂಬರಿ ಸೊಪ್ಪು, ಎಲ್ಲವನ್ನೂ ಸಣ್ಣಗೆ ಹೆಚ್ಚಿದ್ದು, 2 ಚಮಚ ಲಿಂಬೆರಸ ಮತ್ತು ರುಚಿಗೆ ಉಪ್ಪು ಸಾಕು. ಸೂಜಿಮೆಣಸಾದರೆ ಅರ್ಧವೇ ಹೆಚ್ಚು! ಅದನ್ನು ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ. ಮೆಕ್ಸಿಕೊದವರು ಇದನ್ನು ಮುಸುಕಿನ ಜೋಳದ ರೊಟ್ಟಿಯ ಜೊತೆ ತಿನ್ನುತ್ತಾರೆ. ನಮ್ಮ ಬಿಸಿ ಅಕ್ಕಿ ರೊಟ್ಟಿಗೂ ಚೆನ್ನಾಗಿ ಹೊಂದುತ್ತದೆ. ಒಲೆಯ ಮೇಲೆ ಮಾತ್ರ ಇಡಬೇಡಿ, ಈ ತಿರುಳು ಬೆಂದರೆ ಕಹಿಯಾಗುತ್ತದೆ.

ಹೊಸನಗರದ ಕಡೆಯ ಒಂದು ಶಾಲೆಯಲ್ಲಿ ಇದನ್ನೆಲ್ಲ ಹೇಳಿ ಬಂದಿದ್ದೆ. ಮುಂದಿನ ಸಲ ಹೋದಾಗ ಆರನೇ ತರಗತಿಯ ಹುಡುಗಿಯೊಬ್ಬಳು ಮುಖ ಸಣ್ಣದು ಮಾಡಿಕೊಂಡು ಎದ್ದು ನಿಂತಳು. ಕೊನೆ ಕೊಯ್ಲಿಗೆ ಹೋಗಿದ್ದ ಅಪ್ಪ ಬರುವ ಹೊತ್ತಿಗೆಂದು ಅವಳು ಗೊಜ್ಜು ಮಾಡಿ ಇಟ್ಟಿದ್ದಳು. ಮನೆಯಲ್ಲಿ ಲಿಂಬೆ ಇರಲಿಲ್ಲ, ಹಾಗೇ ಮಾಡಿದ್ದಳು. ಸಂಜೆ ನೋಡಿದರೆ ಹಸಿರು ಗೊಜ್ಜು ಕಂದು-ಕಪ್ಪಾಗಿತ್ತು. "ವಿಷ ಆಗಿದೆ ಅಂತ ಅಜ್ಜಿ ಬಿಸಾಡಿದ್ರು ಸಾರ್. ಇನ್ನು ಇಂಥದ್ದೆಲ್ಲ ಮಾಡ್ಬೇಡ ಅಂದ್ರು."

"ನಿಮ್ಮ ಅಜ್ಜಿ ಬಾಳೆದಿಂಡು ಹೆಚ್ಚುವಾಗ ಹೋಳುಗಳನ್ನು ಎಲ್ಲಿ ಹಾಕುತ್ತಾರೆ?" ಎಂದು ಕೇಳಿದೆ.

"ಮಜ್ಜಿಗೆ ನೀರಿಗೆ ಸಾರ್."

"ಯಾಕೆ?"

"ಇಲ್ದಿದ್ರೆ ಕಪ್ಪಾಗುತ್ತೆ."

ಅಂದ ಮೇಲೆ ಬಾಳೆದಿಂಡು ಕಪ್ಪಾಗುವುದು ವಿಷದಿಂದಲ್ಲ ಎಂದು ಅಜ್ಜಿಗೆ ಚೆನ್ನಾಗಿ ಗೊತ್ತಿದೆ! ಬೆಣ್ಣೆ ಹಣ್ಣಿನಲ್ಲಿ ನಡೆಯುವುದೂ ಅದೇ.

ಒಳಗೆ ನಡೆಯುವುದೇನು, ನೋಡೋಣ. ತಿರುಳಿನ ಪ್ರತಿಯೊಂದು ಜೀವಕೋಶವೂ ಒಂದು ಮನೆ ಇದ್ದ ಹಾಗೆ. ಅದರ ಒಂದು ಕೋಣೆಯಲ್ಲಿ ಫೀನಾಲ್ ಎಂಬ ಬಗೆಯ ರಾಸಾಯನಿಕಗಳಿರುತ್ತವೆ. ಇನ್ನೊಂದು ಕೋಣೆಯಲ್ಲಿ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇರುತ್ತದೆ. ಹಣ್ಣು ಇಡಿಯಾಗಿರುವ ತನಕ ನಡುವೆ ಗೋಡೆ ಇರುವುದರಿಂದ ಇವೆರಡೂ ಸೇರುವುದಿಲ್ಲ. ನೀವು ಹೆಚ್ಚಿದಾಗ, ಹಿಚುಕಿದಾಗ ಗೋಡೆ ಒಡೆಯುತ್ತದೆ. ಕಿಣ್ವವು ಫೀನಾಲಿಗೆ ಗಾಳಿಯ ಆಕ್ಸಿಜನ್ನನ್ನು ಸೇರಿಸುತ್ತದೆ. ಹೀಗೆ ಆದ ವಸ್ತುಗಳು ಒಂದಕ್ಕೊಂದು ಕೂಡಿಕೊಂಡು ಕಂದು ಬಣ್ಣವಾಗುತ್ತವೆ. ಸೇಬು, ಬದನೆಕಾಯಿ, ಆಲೂಗಡ್ಡೆ ಹೆಚ್ಚಿಟ್ಟಾಗ ಕಪ್ಪಾಗುವುದೂ ಹೀಗೆಯೇ. ನಾವು ಕುಡಿಯುವ ಚಹಾದ ಹಸಿರೆಲೆಯನ್ನು ಕಾರ್ಖಾನೆಯಲ್ಲಿ ಜಜ್ಜಿ, ಗಾಳಿಗೆ ಬಿಟ್ಟು, ಬೇಕೆಂದೇ ಕಪ್ಪು ಮಾಡುತ್ತಾರೆ. ಅದನ್ನು ಯಾರೂ ವಿಷ ಎನ್ನುವುದಿಲ್ಲ.

ಹುಳಿ ಸೇರಿದರೆ ಈ ಕಿಣ್ವದ ಕೆಲಸ ನಿಧಾನವಾಗುತ್ತದೆ. ಲಿಂಬೆಯಲ್ಲಿ ಹುಳಿಯ ಜೊತೆಗೆ ಸಿ ಜೀವಸತ್ವವೂ ಇದೆ. ಅದು ಕಂದಾಗಲು ಹೊರಟ ವಸ್ತುವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತದೆ. ಆದರೆ ಲಿಂಬೆ ಹಾಕಿದರೆ ಕಪ್ಪಾಗುವುದು ತಡವಾಗುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ.

"ಬೀಜವನ್ನು ಗೊಜ್ಜಿನಲ್ಲೇ ಇಟ್ಟರೆ ಕಪ್ಪಾಗಲ್ವಂತೆ ಸಾರ್" ಎಂದು ಹಿಂದಿನ ಸಾಲಿನ ಹುಡುಗ ಹೇಳಿದ. ಈ ಮಾತು ಬಹಳ ಕಡೆ ಚಾಲ್ತಿಯಲ್ಲಿದೆ. ಹೌದೋ ಅಲ್ಲವೋ ಎಂದು ವಾದ ಮಾಡುವುದಕ್ಕಿಂತ ಬಟ್ಟಲು ತರುವುದು ಸುಲಭ. ಎರಡು ಹಣ್ಣು ಹಿಚುಕಿ ಐದು ಬಟ್ಟಲಿಗೆ ಸಮನಾಗಿ ಹಾಕಿದೆವು. ಒಂದಕ್ಕೆ ಏನೂ ಸೇರಿಸಲಿಲ್ಲ. ಒಂದರ ನಡುವೆ ಬೀಜ ಇಟ್ಟೆವು. ಒಂದಕ್ಕೆ ಲಿಂಬೆರಸ, ಇನ್ನೊಂದಕ್ಕೆ ಅಷ್ಟೇ ಹುಳಿಮಜ್ಜಿಗೆ ಕಲಸಿದೆವು. ಐದನೆಯದರ ಮೇಲೆ ಬಾಡಿಸಿದ ಬಾಳೆಲೆಯ ತುಂಡನ್ನು ಗಾಳಿ ನುಸುಳದ ಹಾಗೆ ಒತ್ತಿ ಕೂರಿಸಿದೆವು. ಬೆಳಿಗ್ಗೆ 11ಕ್ಕೆ ಇಟ್ಟದ್ದನ್ನು ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ, ಶಾಲೆ ಬಿಡುವ ಮೊದಲು ಒಮ್ಮೆ ನೋಡಿದೆವು.

ಮೊದಲ ಬಟ್ಟಲು ಕಂದಾಗಿತ್ತು. ಬೀಜದ ಬಟ್ಟಲೂ ಕಂದಾಗಿತ್ತು. ಆದರೆ ಬೀಜ ಎತ್ತಿದಾಗ ಅದರ ಅಡಿಯಲ್ಲಿ ಮಾತ್ರ ದುಂಡಗಿನ ಹಸಿರು ಗುರುತು! ಬೀಜದಲ್ಲಿ ಮಂತ್ರವೇನೂ ಇಲ್ಲ, ಅದು ಕೂತ ಜಾಗಕ್ಕೆ ಗಾಳಿ ಹೋಗಲಿಲ್ಲ, ಅಷ್ಟೆ. ಒಂದು ಗೋಲಿ ಇಟ್ಟಿದ್ದರೂ ಹೀಗೆಯೇ ಆಗುತ್ತಿತ್ತು. ಬಾಳೆಲೆಯ ಬಟ್ಟಲಿನಲ್ಲಿ ಅಂಚು ಮಾತ್ರ ಕಂದಾಗಿತ್ತು. ಲಿಂಬೆಯದು ಹಸಿರಾಗಿಯೇ ಇತ್ತು. ಮಜ್ಜಿಗೆಯ ಬಟ್ಟಲಿನ ಬಗ್ಗೆ ಮಕ್ಕಳಲ್ಲಿ ಎರಡು ಪಕ್ಷವಾಗಿ ಜಗಳವೇ ನಡೆಯಿತು. ಅದರ ಫಲಿತಾಂಶವನ್ನು ನಾನು ಇಲ್ಲಿ ಬರೆಯುವುದಿಲ್ಲ, ನಿಮ್ಮ ತರಗತಿಯಲ್ಲೇ ಮಾಡಿ ನೋಡಿ. ದಿನವಿಡೀ ತೆರೆದಿಟ್ಟ ಈ ಬಟ್ಟಲುಗಳಿಂದ ಮಾತ್ರ ತಿನ್ನಬೇಡಿ. ಹಸಿ ಗೊಜ್ಜನ್ನು ಮಾಡಿದ ದಿನವೇ ತಿಂದು ಮುಗಿಸಬೇಕು. ಮೇಲೆ ಕಂದಾದರೆ ಆ ಪದರ ಕೆರೆದು ತೆಗೆದರಾಯಿತು. ಹಳಸಿದ ವಾಸನೆ ಬಂದರೆ ಅಥವಾ ಬೂಷ್ಟು ಕಂಡರೆ ಅದು ಬೇರೆ ಮಾತು, ಆಗ ಅಜ್ಜಿ ಮಾಡಿದ್ದೇ ಸರಿ.

ಆ ಹುಡುಗಿ ಮನೆಗೆ ಹೋಗಿ ಅಜ್ಜಿಯ ಎದುರಿಗೇ ಮತ್ತೊಮ್ಮೆ ಗೊಜ್ಜು ಮಾಡಿದಳಂತೆ. ಅಜ್ಜಿ ಎರಡು ಚಮಚ ತಿಂದು, "ಒಗ್ಗರಣೆ ಇಲ್ಲದ್ದು ಎಂಥ ಗೊಜ್ಜು?" ಎಂದು ಎದ್ದು ಹೋಗಿ ಸಾಸಿವೆ ಸಿಡಿಸಿ ತಂದರಂತೆ.

ಇನ್ನೊಂದು ವಿಷಯವನ್ನು ಮನೆಯಲ್ಲಿ ತಪ್ಪದೆ ಹೇಳಿ. ಹಣ್ಣಿನ ಸಿಪ್ಪೆಯನ್ನು ಅಭ್ಯಾಸಬಲದಿಂದ ದನದ ಕಲಗಚ್ಚಿಗೆ ಹಾಕಬೇಡಿ. ಬೆಣ್ಣೆ ಹಣ್ಣಿನ ಮರದ ಎಲೆ, ತೊಗಟೆ, ಹಣ್ಣಿನ ಸಿಪ್ಪೆ, ಬೀಜಗಳಲ್ಲಿ ಪರ್ಸಿನ್ ಎಂಬ ವಸ್ತು ಇದೆ. ತಿರುಳು ತಿಂದ ನಮಗೆ ಅದರಿಂದ ತೊಂದರೆಯಿಲ್ಲ. ಆದರೆ ಎಲೆ, ಸಿಪ್ಪೆ ತಿಂದ ಹಸು, ಮೇಕೆಗಳಿಗೆ ಕೆಚ್ಚಲು ಬಾವು ಬರಬಹುದು, ಹೃದಯಕ್ಕೂ ಪೆಟ್ಟಾಗಬಹುದು. ಪಕ್ಷಿಗಳಿಗಂತೂ ಇನ್ನೂ ಅಪಾಯ. ಸಿಪ್ಪೆಯನ್ನು ದನಕರು ಬಾಯಿ ಹಾಕದಂತೆ ಗೊಬ್ಬರದ ಗುಂಡಿಯಲ್ಲಿ ಮಣ್ಣು ಮುಚ್ಚಿ. ಬೀಜವನ್ನು ಕುಂಡದಲ್ಲಿ ಊರಿ, ಚೂಪು ತುದಿ ಮೇಲಿರಲಿ. ಮೊಳಕೆ ಬರಲು ಕೆಲವು ವಾರಗಳೇ ಬೇಕು. ಗಿಡವಾದ ಮೇಲೆ ಅದನ್ನು ಮೇಕೆಗೆ ಎಟುಕದ ಕಡೆ ನೆಡಿ.